ಒಂಬತ್ತನೇ ಬಂಡೆಯ ಕೆಂಪು ಹಗ್ಗ

ಬೆಳಗಿನ ನಾಲ್ಕೂಮುಕ್ಕಾಲು. ಆಗಸ್ಟ್ ಮುಗಿಯುತ್ತ ಬಂದಿದೆ. ಬೇಸಿಗೆಯಿಡೀ ಮುಳುಗದೆ ಹಟ ಹಿಡಿದಿದ್ದ ಸೂರ್ಯ ಈಗ ಹೊತ್ತಿಗೆ ಸರಿಯಾಗಿ ಮುಳುಗಿ ಹೊತ್ತಿಗೆ ಸರಿಯಾಗಿ ಏಳುವುದನ್ನು ಮತ್ತೆ ರೂಢಿ ಮಾಡಿಕೊಂಡಿದ್ದಾನೆ. ಫ್ಯೋರ್ಡಿನ, ಬೆಟ್ಟಗಳ ನಡುವೆ ಒಳಚಾಚಿದ ಕಡಲ ತೋಳಿನ, ಆಚೆ ದಡದ ಬೆಟ್ಟ ದಾಟಿ ಬರುವ ಮೊದಲ ಬೆಳಕು ಬಂಡೆಗಳ ಮೇಲೆ ಹೊಟ್ಟೆ ತಾಗಿಸಿ ತೆವಳುತ್ತದೆ. ಗುನ್ವೋರ್ ಮಿಕ್ಕೆಲ್ಸೆನ್‌ಗೆ ಬೇಕಾದದ್ದು ಈ ಓರೆ ಬೆಳಕೇ. ಹೊತ್ತೇರಿದರೆ ಗೆರೆಗಳು ಕಲ್ಲಿನೊಳಗೆ ಅಡಗಿಬಿಡುತ್ತವೆ. ಈಗ ಒಂದೊಂದಾಗಿ ಎದ್ದು ಕೂರುತ್ತಿವೆ: ದೋಣಿ, ಕರಡಿ, ಕೋಲು ಹಿಡಿದ ಮನುಷ್ಯ, ಹೊಟ್ಟೆಯೊಳಗೆ ಮರಿ ಕಾಣುವ ಹಿಮಸಾರಂಗ. ಕೆತ್ತಿ ಆರು ಸಾವಿರ ವರ್ಷವಾಗಿದೆ.

ಗುನ್ವೋರ್ ಬಕೆಟ್ಟು ಹಿಡಿದು ಹಲಗೆಯ ಕಾಲುದಾರಿಯಲ್ಲಿ ಬರುತ್ತಾಳೆ. ಅರವತ್ತೊಂದು ವಯಸ್ಸು, ಕುಳ್ಳು, ಅಗಲವಾದ ಹೆಗಲು. ಎಂಟನೇ ಬಂಡೆಯ ಹತ್ತಿರ ನಿಂತು ನಿನ್ನೆಯ ಕೆಲಸವನ್ನು ಮೇಲಿಂದ ಕೆಳಗೆ ನೋಡುತ್ತಾಳೆ. ಕಪ್ಪು ಚಾಪೆ ಹೊದ್ದು ಮಲಗಿರುವ ಒಂಬತ್ತನೇ ಬಂಡೆಯನ್ನು ನೋಡುವುದಿಲ್ಲ. ಹತ್ತನೆಯದರ ಪಕ್ಕ ಮಂಡಿಯೂರುತ್ತಾಳೆ.

"ಎಂಟಾದ್ಮೇಲೆ ಹತ್ತು ಅಂತ ಯಾವ ಶಾಲೇಲಿ ಕಲಿತ್ಯೇ?" ಎಂದು ಹಿಂದಿನಿಂದ ದನಿ ಬರುತ್ತದೆ. ಹಿಲ್ಮಾರ್. ಈ ಹಲಗೆದಾರಿಯನ್ನು ಹಾಕಿದ ಬಡಗಿ, ಈಗಲೂ ಕೊಳೆತ ಹಲಗೆ ಬದಲಿಸುವವನು.

"ನೀನು ಓದಿದ ಶಾಲೇಲೇ. ನೀನು ಆವತ್ತೂ ಬಂದಿರ್ಲಿಲ್ಲ" ಎನ್ನುತ್ತಾಳೆ ಗುನ್ವೋರ್, ತಲೆಯೆತ್ತದೆ.

ನಾರ್ವೆಯ ಉತ್ತರದ ತುದಿಯಲ್ಲಿರುವ ಸ್ತೂರ್‌ವಿಕ್‌ನ ಈ ಬಯಲು ಸಂಗ್ರಹಾಲಯಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಮುನ್ನೂರು ಜನ ಬರುತ್ತಾರೆ. ಮೂವತ್ತೊಂದು ಬಂಡೆ, ಸಾವಿರದ ಏಳುನೂರಕ್ಕೂ ಮೇಲೆ ಆಕೃತಿಗಳು. ಬಂದವರು ಕರಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಒಳಗೆ ಹೋಗಿ ಕಂದು ಗಿಣ್ಣು ಹಚ್ಚಿದ ದೋಸೆಯಂಥ ವಾಫಲ್ ತಿಂದು, ಹೊರಡುತ್ತಾರೆ. ಕರಡಿಯ ಮೈಮೇಲೆ ಕಲ್ಲುಹೂವು ಯಾಕೆ ಬೆಳೆದಿಲ್ಲ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಗುನ್ವೋರ್ ಹೇಳುತ್ತಿದ್ದಳು: ಶುದ್ಧ ಮದ್ಯಸಾರ ಚಿಮುಕಿಸಬೇಕು, ಚಾಪೆ ಹೊದಿಸಬೇಕು, ಎರಡು ಬೇಸಿಗೆ ಕತ್ತಲಲ್ಲಿ ಇಡಬೇಕು, ಸತ್ತದ್ದನ್ನು ಮೆತ್ತನೆ ಬ್ರಷ್‌ನಿಂದ ಗುಡಿಸಬೇಕು.

"ಈ ಕಲ್ಲುಗಳಿಗೆ ಕುಡಿಸೋದ್ರಲ್ಲಿ ಕಾಲುಭಾಗ ನಂಗೆ ಕುಡಿಸಿದ್ರೆ ನನ್ನ ಮೇಲೂ ಏನೂ ಬೆಳೀತಿರ್ಲಿಲ್ಲ" ಎನ್ನುವುದು ಹಿಲ್ಮಾರನ ಹಳೇ ದೂರು.

ಆದರೆ ಏಳು ಬೇಸಿಗೆಯಿಂದ ಗುನ್ವೋರಳ ಮುಖ್ಯ ಕೆಲಸ ಬೇರೆ. ನಲವತ್ನಾಲ್ಕು ವರ್ಷದ ಹಿಂದೆ, ನೋಡುವವರಿಗೆ ಚೆನ್ನಾಗಿ ಕಾಣಲಿ ಎಂದು ಊರಿನವರು ಗೆರೆಗಳಿಗೆಲ್ಲ ಕೆಂಪು ಬಣ್ಣ ತುಂಬಿದ್ದರು. ಬಣ್ಣ ಕಲ್ಲಿಗೆ ಒಳ್ಳೆಯದಲ್ಲ, ಕಣ್ಣಿಗೂ ಒಳ್ಳೆಯದಲ್ಲ ಎಂದು ಈಗ ಗೊತ್ತಾಗಿದೆ. ಅದನ್ನು ತೆಗೆಯಬೇಕು. ಕೆರೆಯುವ ಹಾಗಿಲ್ಲ, ಉಜ್ಜುವ ಹಾಗಿಲ್ಲ. ಕಾಗದವನ್ನು ನೆನೆಸಿ ಹಿಟ್ಟಿನಂತೆ ನಾದಿ, ಅದಕ್ಕೆ ಬಣ್ಣ ಬಿಡಿಸುವ ದ್ರಾವಣ ಬೆರೆಸಿ, ಗೆರೆಯ ಮೇಲೆ ಪಟ್ಟಿ ಹಾಕುವುದು, ಎರಡು ಗಂಟೆ ಕಾಯುವುದು, ಮರದ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸುವುದು, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸುವುದು. ದಿನಕ್ಕೆ ಇನ್ನೂರು ಹತ್ತಿಕಡ್ಡಿ, ಹೆಚ್ಚೆಂದರೆ ಎರಡು ಅಂಗೈ ಅಗಲ. ಮಳೆ ಬಂದರೆ ಅದೂ ಇಲ್ಲ.

"ನನ್ನ ಗಂಡ ಇದ್ದಿದ್ರೆ ನಗ್ತಿದ್ದ" ಎನ್ನುತ್ತಾಳೆ ಗುನ್ವೋರ್. "ಮನೇಲಿ ಒಂದು ಕಿಟಕಿ ಒರೆಸೋಕೆ ಹತ್ತು ಸಲ ಹೇಳಿಸ್ಕೊಳ್ತಿದ್ದವಳು, ಇಲ್ಲಿ ಒಂದು ಕೊಂಬಿಗೆ ಮೂರು ದಿನ ಕೂತ್ಕೋತೀನಿ."

ಅವಳು ಓದಿದವಳಲ್ಲ. ಹತ್ತೊಂಬತ್ತು ವರ್ಷ ಮೀನಿನ ಕಾರ್ಖಾನೆಯಲ್ಲಿ ಕಾಡ್ ಮೀನು ಸೀಳಿದ್ದಾಳೆ. ಹಿಮದ ನೀರಲ್ಲಿ ಕೈ ಜೋಮು ಹಿಡಿದಿರುವಾಗಲೂ ಬೆರಳ ತುದಿಯಿಂದ ಸೂಜಿಯಂಥ ಮುಳ್ಳು ಹುಡುಕಿ ಕೀಳುವುದು ಅವಳ ವಿದ್ಯೆ. ಕಾರ್ಖಾನೆ ಮುಚ್ಚಿತು. ಬೆನ್ನು ಆಗಲೇ ಕೈಕೊಟ್ಟಿತ್ತು. ಸಂಗ್ರಹಾಲಯದ ಕಟ್ಟಡದಲ್ಲಿ ನೆಲ ಒರೆಸುವ ಕೆಲಸ ಸಿಕ್ಕಿತು. ಒಂದು ದಿನ ಗೋಡೆಗೆ ಅಂಟಿಸುತ್ತಿದ್ದ ದೊಡ್ಡ ಚಿತ್ರವೊಂದನ್ನು ನೋಡಿ, ನೆಲ ಒರೆಸುವ ಕೋಲು ಹಿಡಿದೇ, "ಈ ಕರಡಿಗೆ ಒಂದು ಕಾಲು ಕಮ್ಮಿ ಬರ್ದಿದೀರಲ್ಲ" ಎಂದಳು. ಪಂಡಿತರು ನಕ್ಕರು. ಅವಳು ನಗಲಿಲ್ಲ. ಬಂಡೆಯ ಹತ್ತಿರ ಕರೆದುಕೊಂಡು ಹೋಗಿ ನಾಲ್ಕನೆಯ ಕಾಲನ್ನು ಬೆರಳಿಟ್ಟು ತೋರಿಸಿದಳು. ಮಾರನೇ ತಿಂಗಳು ಕೋಲು ಬೇರೆಯವರ ಕೈಗೆ ಹೋಯಿತು, ಬಂಡೆಗಳು ಅವಳ ಕೈಗೆ ಬಂದವು.

ಬೆರಳಿಗೆ ಗೊತ್ತಾಗುವುದು ಏನು? ಅವಳು ವಿವರಿಸುವುದು ಸರಳವಾಗಿದೆ. ಮನುಷ್ಯ ಕೆತ್ತಿದ ಗೆರೆ ಒಂದೇ ಎಳೆತದ್ದಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮಾಡಿದ್ದು. ಸವೆದ ಒರಳಿಗೆ ಹೊಸದಾಗಿ ಕಚ್ಚು ಹಾಕಿಸಿದಂತೆ ಗೆರೆಯ ತಳದಲ್ಲಿ ಸಣ್ಣ ಸಣ್ಣ ಗುಳಿ. ಕಲ್ಲು ತಾನೇ ಬಿರಿದ ಗೆರೆಯಲ್ಲಿ ಗುಳಿ ಇರುವುದಿಲ್ಲ. ಅದು ಚೂಪು, ನುಣುಪು, ಆಳ. "ಒಂದು ಮಾತಾಡುತ್ತೆ, ಇನ್ನೊಂದು ಸುಮ್ನಿರುತ್ತೆ" ಎನ್ನುತ್ತಾಳೆ.

ಮೂರು ವಾರದ ಹಿಂದೆ ಒಂಬತ್ತನೇ ಬಂಡೆಯಲ್ಲಿ ಅವಳ ಬೆರಳಿಗೆ ಸಿಕ್ಕಿದ್ದು ಸುಮ್ಮನಿರುವ ಗೆರೆ.

ಒಂಬತ್ತನೆಯದನ್ನು ಅರಿಯದವರು ಸ್ತೂರ್‌ವಿಕ್‌ನಲ್ಲಿ ಇಲ್ಲ. ಒಬ್ಬ ಹೆಂಗಸು ಕೈ ಚಾಚಿ ನಿಂತಿದ್ದಾಳೆ. ಮುಂದೆ ಒಂದು ಹಿಮಸಾರಂಗ. ಅವಳ ಕೈಯಿಂದ ಅದರ ಕುತ್ತಿಗೆಗೆ ಒಂದು ಕೆಂಪು ಹಗ್ಗ. ಊರಿನ ಹಾಡುಗಾರರ ಸಂಘದ ಬಾವುಟದ ಮೇಲೆ ಅವಳಿದ್ದಾಳೆ, ಫುಟ್‌ಬಾಲ್ ಹುಡುಗಿಯರ ಅಂಗಿಯ ಮೇಲೆ ಇದ್ದಾಳೆ, ಬೇಕರಿಯ ಡಬ್ಬಿಯ ಮೇಲೂ ಇದ್ದಾಳೆ. ಹಿಮಸಾರಂಗ ಸಾಕುವ ಸಾಮಿ ಬುಡಕಟ್ಟಿನ ಮನೆತನಗಳಿಗಂತೂ ಅವಳು ಮೊದಲ ಅಜ್ಜಿ. ಸಾರಂಗಕ್ಕೆ ಮೊದಲು ಹಗ್ಗ ಹಾಕಿದ್ದು ನಮ್ಮವಳೇ, ಅದೂ ಹೆಂಗಸು, ಎಂದು ಹೇಳದ ಮದುವೆಮನೆ ಇಲ್ಲ. ಗುನ್ವೋರಳ ದೊಡ್ಡಮ್ಮ ಬಿರೆತ್‌ಗೆ ಎಂಬತ್ತೆಂಟು. ಆಕೆ ಆ ಚಿತ್ರದ ಬೆಳ್ಳಿಬಿಲ್ಲೆಯನ್ನು ಶಾಲಿನ ಮೇಲೆ ಚುಚ್ಚಿಕೊಳ್ಳದೆ ಹೊಸಿಲು ದಾಟುವುದಿಲ್ಲ.

ಈ ಶನಿವಾರ ಹಾಡುಗಾರರ ಸಂಘದ ಹೊಸ ಬಾವುಟವನ್ನು ಒಂಬತ್ತನೇ ಬಂಡೆಯ ಮುಂದೆ ಬಿಚ್ಚುವುದೆಂದು ನಿಗದಿಯಾಗಿದೆ. ಬಿಚ್ಚುವವಳು ಬಿರೆತ್. ಬಂಡೆ ಅಷ್ಟರೊಳಗೆ ಕೆಂಪು ಕಳೆದು ಸಿದ್ಧವಾಗಿರಬೇಕು. ಉಳಿದೆಲ್ಲ ಕಳೆದಿದೆ, ಹಗ್ಗವೊಂದೇ ಬಾಕಿ. ಇವತ್ತು ಮಂಗಳವಾರ.

ಏಳು ಗಂಟೆಗೆ ಕಾಫಿ. ಹಿಲ್ಮಾರ್ ಒಣಮೀನಿನ ಚೂರನ್ನು ಸುತ್ತಿಗೆಯಿಂದ ಜಜ್ಜಿ ಅರ್ಧ ಅವಳಿಗೆ ಕೊಡುತ್ತಾನೆ. ಅವಳು ಅಗಿಯುತ್ತ ಅಗಿಯುತ್ತ, ಮೊದಲ ಸಲ, ಬಾಯಿ ಬಿಡುತ್ತಾಳೆ.

"ಹಗ್ಗ ಇಲ್ಲ ಹಿಲ್ಮಾರ್. ಅದು ಬಿರುಕು. ಅದಕ್ಕೆ ಬಣ್ಣ ತುಂಬಿದ್ದು ನಾನು."

ಆ ಬೇಸಿಗೆ ಅವಳಿಗೆ ಹದಿನೇಳು. ಶಾಲೆಯ ಮೇಷ್ಟ್ರು ಆರು ಜನ ಹುಡುಗಿಯರಿಗೆ ಒಂದೊಂದು ಕುಂಚ ಕೊಟ್ಟು ಒಂದೊಂದು ಬಂಡೆ ಹಂಚಿದ್ದರು. ಹೆಂಗಸಿನ ಚಾಚಿದ ಕೈ ಕಂಡಿತು, ಸಾರಂಗದ ಕುತ್ತಿಗೆ ಕಂಡಿತು, ನಡುವೆ ತೆಳ್ಳಗೊಂದು ಗೆರೆ ಕಂಡಿತು. ಅವಳ ಕುಂಚ ಒಂದು ಕ್ಷಣವೂ ತಡೆಯಲಿಲ್ಲ. "ನಮ್ಮಮ್ಮನ ಕಡೆ ಎಲ್ರೂ ಸಾರಂಗದವರು. ಸಾರಂಗದ ಮುಂದೆ ಹಗ್ಗ ಇಲ್ದೆ ನಿಂತ ಹೆಂಗಸನ್ನ ನಾನು ಹುಟ್ಟಿದಾಗಿಂದ ನೋಡಿರ್ಲಿಲ್ಲ. ದಕ್ಷಿಣದ ಪೇಟೆ ಹುಡುಗಿ ಆಗಿದ್ರೆ ಆ ಬಿರುಕನ್ನ ಬಿರುಕು ಅಂತ್ಲೇ ಬಿಟ್ಟಿರೋಳು."

ಆಮೇಲೆ ಬಂದ ಪಂಡಿತರು ಕೆಂಪನ್ನು ನೋಡಿ ನಕಲು ತೆಗೆದರು. ನಕಲನ್ನು ನೋಡಿ ಪುಸ್ತಕ ಬರೆದರು. ಪುಸ್ತಕ ನೋಡಿ ಊರಿನವರು ಬಾವುಟ ಹೊಲಿದರು.

ಹಿಲ್ಮಾರ್ ಒಣಮೀನನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸುತ್ತಾನೆ. "ಯಾರಿಗೆ ಗೊತ್ತು?"

"ನಿಂಗೆ. ಈಗ."

"ನಾನು ಮರೆವಿನ ಮುದುಕ. ನೋಡು, ಅದೊಂದನ್ನ ಕೆಂಪಾಗೇ ಬಿಡು. ಮಳೆ, ಬೆನ್ನು, ಏನೋ ಒಂದು ಹೇಳು. ಬರೋ ವರ್ಷ ನಿಂಗೆ ನಿವೃತ್ತಿ. ಆಮೇಲೆ ಬರೋವ್ರು ಏನಾದ್ರೂ ಮಾಡ್ಕೊಳ್ಲಿ."

"ಮೂರು ವಾರ ಅದನ್ನೇ ಮಾಡಿದ್ದು. ಎಂಟಾದ್ಮೇಲೆ ಹತ್ತು."

"ದೊಡ್ಡಮ್ಮಂಗೆ ಎದೆ ಒಡೆಯುತ್ತೆ ಮಾರಾಯ್ತಿ."

"ಅದಕ್ಕೇ ಮೊದ್ಲು ಅವಳಿಗೆ ಹೇಳ್ಬೇಕು. ಆಫೀಸಿಗಲ್ಲ."

ಬುಧವಾರ ಮಧ್ಯಾಹ್ನ ಬಿರೆತ್‌ಳ ಅಡುಗೆಮನೆಯಲ್ಲಿ ಸಾರಂಗದ ಮೂಳೆಸಾರು ಕುದಿಯುತ್ತಿದೆ. ಆಕೆ ಬಟ್ಟಲಿಗೆ ಕಾಫಿ ಬಗ್ಗಿಸಿ, ಸಾಮಿ ಮನೆಗಳ ರೂಢಿಯಂತೆ ಅದರೊಳಗೆ ಒಣಮಾಂಸದ ಚೂರು ಹಾಕಿ, ತಂಗಿಯ ಮಗಳ ಮುಂದೆ ತಳ್ಳುತ್ತಾಳೆ. ಗುನ್ವೋರ್ ಮುಟ್ಟುವುದಿಲ್ಲ. ಹೇಳಬೇಕಾದದ್ದನ್ನು ಮೂರೇ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ.



"ಅಂದ್ರೆ," ಎನ್ನುತ್ತಾಳೆ ಬಿರೆತ್, ಬಿಲ್ಲೆಯ ಮೇಲೆ ಹೆಬ್ಬೆರಳಿಟ್ಟು, "ಇಷ್ಟು ವರ್ಷ ನಾನು ಎದೆ ಮೇಲೆ ಚುಚ್ಕೊಂಡು ಮೆರೆದಿದ್ದು ನಿನ್ನ ತಪ್ಪನ್ನ?"

"ಹೌದು ದೊಡ್ಡಮ್ಮ."

"ನನ್ನ ಮದುವೆ ಬೆಳ್ಳಿ ಕರಗಿಸಿ ಮಾಡ್ಸಿದ್ದು ಇದನ್ನ."

"ಗೊತ್ತು."

"ಎಲ್ಲಾ ಗೊತ್ತು ನಿಂಗೆ! ಚಿಕ್ಕವಳಿದ್ದಾಗ್ಲೂ ಹಾಗೇ. ನೋಡೋಕಿಂತ ಮುಂಚೆ ಕೈ ಓಡ್ತಿತ್ತು. ನಿಮ್ಮಮ್ಮನೂ ಹಾಗೇ, ಸತ್ತವಳ ಬಗ್ಗೆ ಕೆಟ್ಟ ಮಾತಾಡ್ಬಾರ್ದು." ಆಕೆ ಎದ್ದು ಸಾರು ಕಲಕುತ್ತಾಳೆ. ಬೆನ್ನು ಹಾಕಿಕೊಂಡೇ ಕೇಳುತ್ತಾಳೆ: "ನಿನ್ ಬೆರಳು ಸುಳ್ಳು ಹೇಳ್ತಿಲ್ಲ ಅಂತ ಹೇಗೆ ನಂಬ್ಲಿ?"

"ಬಂದು ನೋಡು."

"ಬರ್ತೀನಿ. ನಾನು ಬರೋ ಮುಂಚೆ ಅದನ್ನ ಮುಟ್ಟಿದ್ಯೋ, ಈ ಮನೆ ಬಾಗಿಲು ನಿಂಗೆ ಮುಚ್ತು. ಕಾಫಿ ಕುಡಿ, ಆರೋಯ್ತು."

ಗುರುವಾರ ಬೆಳಗ್ಗೆ ಬಂಡೆಗಳ ಜವಾಬ್ದಾರಿ ಹೊತ್ತ ಸಿಲ್ಯೆಯ ಸರದಿ. ಮೂವತ್ತನಾಲ್ಕರ ಈ ಹೆಣ್ಣುಮಗಳು ದಕ್ಷಿಣದಿಂದ ಬಂದು ಐದು ಚಳಿಗಾಲ ಕಳೆದಿದ್ದಾಳೆ, ಓಡಿಹೋಗಿಲ್ಲ. ಗುನ್ವೋರ್ ಹೇಳಿದ್ದನ್ನು ಕೇಳಿ ಕುರ್ಚಿಯ ಮೇಲೆ ಕೂತುಬಿಡುತ್ತಾಳೆ. "ನನ್ನ ಪ್ರಬಂಧದಲ್ಲಿ ಆ ಹಗ್ಗದ ಮೇಲೆ ಒಂದು ಇಡೀ ಅಧ್ಯಾಯ ಇದೆ ಗುನ್ವೋರ್."

"ಚೆನ್ನಾಗಿ ಬರ್ದಿದೀಯಾ?"

"ಅದೊಂದೇ ಚೆನ್ನಾಗಿ ಬಂದಿದ್ದ ಅಧ್ಯಾಯ."

ಇಬ್ಬರೂ ನಗುತ್ತಾರೆ, ಸಿಲ್ಯೆ ತುಸು ಹೆಚ್ಚು ಹೊತ್ತು. ಆಮೇಲೆ ಸಿಲ್ಯೆ ದೀಪ ತೆಗೆದುಕೊಂಡು ಹೋಗಿ, ಚಾಪೆ ಸರಿಸಿ, ಹೊಟ್ಟೆಯ ಮೇಲೆ ಮಲಗಿ, ದೀಪವನ್ನು ಕಲ್ಲಿಗೆ ತಾಗಿಸಿ ಓರೆಯಾಗಿ ಹಿಡಿಯುತ್ತಾಳೆ. ಬಣ್ಣ ಇನ್ನೂ ಇರುವುದರಿಂದ ಖಂಡಿತ ಹೇಳಲಾಗುವುದಿಲ್ಲ ಎನ್ನುತ್ತಾಳೆ. "ನಾಳೆ ಹೇಳ್ಬಹುದು" ಎನ್ನುತ್ತಾಳೆ ಗುನ್ವೋರ್.

ಶುಕ್ರವಾರ ಬೆಳಗಿನ ಐದು ಗಂಟೆ. ಹಿಲ್ಮಾರ್ ಬಿರೆತ್‌ಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತನ್ನದೇ ಹಲಗೆಗಳ ಮೇಲೆ ತಳ್ಳಿಕೊಂಡು ಬರುತ್ತಾನೆ. "ನಿಧಾನ ಕಣೋ, ನಾನು ಮೀನಿನ ಪೆಟ್ಟಿಗೆ ಅಲ್ಲ" ಎಂದು ಆಕೆ ದಾರಿಯುದ್ದಕ್ಕೂ ಬೈಯುತ್ತಾಳೆ. ಗುನ್ವೋರ್ ಹಗ್ಗದ ಮೇಲೆ ಪಟ್ಟಿ ಹಾಕುತ್ತಾಳೆ. ಮುಕ್ಕಾಲು ಮೊಳ ಉದ್ದ. ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲಿಡುತ್ತಾಳೆ. ಎರಡು ಗಂಟೆ, ಸಿಲ್ಯೆಯೂ ಸೇರಿ, ನಾಲ್ವರೂ ಕಾಯುತ್ತಾರೆ. ಸಮುದ್ರ ಇಳಿಯುತ್ತಿದೆ. ಬಿರೆತ್ ತೂಕಡಿಸುತ್ತಾಳೆ, ಎಚ್ಚರವಾದಾಗೆಲ್ಲ "ಆಯ್ತಾ?" ಎನ್ನುತ್ತಾಳೆ.

ಏಳಕ್ಕೆ ಗುನ್ವೋರ್ ಪಟ್ಟಿಯ ಒಂದು ತುದಿ ಎಬ್ಬಿಸುತ್ತಾಳೆ. ಹೆಂಗಸಿನ ಕೈಯ ಕಡೆಯಿಂದ. ಕೆಂಪು ಬಣ್ಣ ಕಾಗದದ ಹಿಟ್ಟಿನೊಳಗೆ ಹೀರಿಕೊಂಡು ಮೇಲೆ ಬರುತ್ತದೆ. ಕೆಳಗೆ ಬೂದು ಕಲ್ಲು, ಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕು, ಬಿರುಕಿನಲ್ಲಿ ಕಪ್ಪು ಮಣ್ಣು. ಗುಳಿಗಳಿಲ್ಲ. ಹತ್ತಿಕಡ್ಡಿ, ನೀರು, ಹತ್ತಿಕಡ್ಡಿ. ಸಿಲ್ಯೆ ದೀಪ ಹಿಡಿದಿದ್ದಾಳೆ. 

ಸಾರಂಗದ ಕುತ್ತಿಗೆಗೆ ಇನ್ನು ನಾಲ್ಕು ಬೆರಳು ಇರುವಾಗ ಬಿರುಕು ನಿಂತುಹೋಗುತ್ತದೆ.

ಕೆಂಪು ನಿಲ್ಲುವುದಿಲ್ಲ. ಅದು ನುಣ್ಣನೆಯ ಬಂಡೆಯ ಮೇಲೆ, ಯಾವ ಗೆರೆಯ ಆಸರೆಯೂ ಇಲ್ಲದೆ, ಕುತ್ತಿಗೆಯವರೆಗೂ ಹೋಗಿದೆ. ಗುನ್ವೋರ್ ಕಡ್ಡಿ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟು ಕೂತುಬಿಡುತ್ತಾಳೆ. ಸಿಲ್ಯೆ ಇರುವುದು ಕೈಯ ಕಡೆ, ಅವಳಿಗೆ ಇದು ಕಾಣುತ್ತಿಲ್ಲ. ಬಿರೆತ್‌ಳ ಕಣ್ಣಿಗೆ ಅಷ್ಟು ದೂರ ಎಟುಕುವುದಿಲ್ಲ. ನಾಲ್ಕು ಸಲ ಹತ್ತಿಕಡ್ಡಿ ಆಡಿಸಿದರೆ ಸಾಕು, ಅದು ಇತ್ತೆಂದು ಜಗತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ.

"ಸಿಲ್ಯೆ, ದೀಪ ಈ ಕಡೆ ತಾ" ಎನ್ನುತ್ತಾಳೆ. "ಫೋಟೊ ತೆಗಿ. ಈ ನಾಲ್ಕು ಬೆರಳು ಬಿರುಕೂ ಅಲ್ಲ. ಇಲ್ಲಿ ಏನೂ ಇಲ್ಲ. ಇದು ನಾನೇ ಎಳೆದದ್ದು. ಮುಟ್ಟಲಿ ಅಂತ."

ಹಿಲ್ಮಾರ್ ಸಮುದ್ರದ ಕಡೆ ನೋಡುತ್ತಾನೆ. ಸಿಲ್ಯೆ ಫೋಟೊ ತೆಗೆಯುತ್ತಾಳೆ, ಅಳತೆಪಟ್ಟಿ ಇಟ್ಟು ಇನ್ನೊಂದು, ಹತ್ತಿರದಿಂದ ಮತ್ತೊಂದು. ಆಮೇಲೆ ಗುನ್ವೋರ್ ಆ ನಾಲ್ಕು ಬೆರಳನ್ನೂ ಒರೆಸುತ್ತಾಳೆ. ಅದಕ್ಕೆ ಪಟ್ಟಿಯೇ ಬೇಕಾಗಲಿಲ್ಲವೇನೋ ಎನ್ನುವಷ್ಟು ಸುಲಭವಾಗಿ ಹೋಗುತ್ತದೆ.

ಈಗ ಬಂಡೆಯ ಮೇಲೆ ಕೈ ಚಾಚಿದ ಹೆಂಗಸು ಇದ್ದಾಳೆ. ಸಾರಂಗ ಇದೆ. ನಡುವೆ ಮುಕ್ಕಾಲು ಮೊಳ ಕಲ್ಲು.

"ಹತ್ರ ತಳ್ಳೋ" ಎನ್ನುತ್ತಾಳೆ ಬಿರೆತ್. ಕನ್ನಡಕ ಹಾಕಿಕೊಂಡು ಬಗ್ಗಿ ಬಹಳ ಹೊತ್ತು ನೋಡುತ್ತಾಳೆ. ಹೆಂಗಸನ್ನಲ್ಲ, ಪ್ರಾಣಿಯನ್ನು. ಎಪ್ಪತ್ತು ವರ್ಷ ಹಿಂಡು ಎಣಿಸಿದ ಕಣ್ಣು ಅದು. "ಇದು ಹೆಣ್ಣು. ಹೊಟ್ಟೇಲಿ ಮರಿ ಇದೆ, ತಲೆ ಮೇಲೆ ಇನ್ನೂ ಕೊಂಬಿದೆ. ವಸಂತ ಕಾಲ. ಹಿಂದಿನ ಕಾಲು ನೋಡು, ಓಡೋಕೆ ಎತ್ತಿಲ್ಲ, ಊರಿದೆ. ಹಗ್ಗ ಇಲ್ದೆ ನಿಂತಿದೆ ಇದು!" ದನಿ ಏರುತ್ತದೆ. "ಉಪ್ಪು ಕಣೇ! ಅವಳ ಕೈಯಲ್ಲಿ ಉಪ್ಪಿದೆ! ಹಗ್ಗಕ್ಕಿಂತ ದೊಡ್ಡದು ಇದು, ಉಪ್ಪು ತೋರ್ಸಿ ಕರೀತಿದಾಳೆ—"

"ದೊಡ್ಡಮ್ಮ, ಸುಮ್ನಿರು" ಎನ್ನುತ್ತಾಳೆ ಗುನ್ವೋರ್. "ನಾನೂ ಹೀಗೇ ಶುರು ಮಾಡಿದ್ದು."

ಹಿಲ್ಮಾರ್ ಮೊದಲು ನಗುತ್ತಾನೆ. ಆಮೇಲೆ ಬಿರೆತ್, ಕೆಮ್ಮು ಬರುವಷ್ಟು.

ಶನಿವಾರ ಬಾವುಟ ಬಿಚ್ಚುತ್ತಾರೆ. ಬಾವುಟದಲ್ಲಿ ಹಗ್ಗ ಇದೆ, ಬಂಡೆಯಲ್ಲಿ ಇಲ್ಲ. ನೂರಿಪ್ಪತ್ತು ಜನರ ಮುಂದೆ ಗುನ್ವೋರ್ ಎದ್ದು ನಿಂತು ಅದು ಯಾಕೆ ಎಂದು ಹೇಳುತ್ತಾಳೆ, ನಾಲ್ಕು ಬೆರಳನ್ನೂ ಸೇರಿಸಿ. ಸಾರಂಗದ ಮನೆತನದ ಒಬ್ಬ ಗಂಡಸು ಎದ್ದು ಹೊರಟುಹೋಗುತ್ತಾನೆ. ಬಾವುಟ ಹೊಲಿದ ಹೆಂಗಸು ಅವಳೊಂದಿಗೆ ಈವರೆಗೂ ಮಾತಾಡಿಲ್ಲ. ಬಿರೆತ್‌ಳ ಬಿಲ್ಲೆ ಶಾಲಿನ ಮೇಲೇ ಇದೆ. ಕೇಳಿದವರಿಗೆ ಆಕೆ, "ಬೆಳ್ಳಿ ಬೆಳ್ಳಿಯೇ. ಮಾಡಿದ್ದು ನಮ್ಮ ಹುಡುಗಿ, ಅಳ್ಸಿದ್ದೂ ನಮ್ಮ ಹುಡುಗಿ. ನಿಮ್ಮನೇಲಿ ಅಂಥವರಿದ್ರೆ ಕರ್ಕೊಂಡ್ ಬನ್ನಿ" ಎನ್ನುತ್ತಾಳೆ.

ಬಂಡೆಯ ಪಕ್ಕದ ಹೊಸ ಫಲಕಕ್ಕೆ ಸಿಲ್ಯೆ ಒಂದು ಸಾಲು ಬರೆದುಕೊಂಡು ಬಂದಿದ್ದಳು: ಹಿಂದಿನ ಬಣ್ಣದಲ್ಲಿ ಒಂದು ಗೆರೆ ತಪ್ಪಾಗಿ ಸೇರಿತ್ತು. ಗುನ್ವೋರ್ ಪೆನ್ನು ಕೇಳಿ ಇಸಿದುಕೊಂಡು ಅದನ್ನು ಹೊಡೆದುಹಾಕಿ, ತನ್ನ ದಪ್ಪ ಅಕ್ಷರದಲ್ಲಿ ಬರೆದಳು: ಇಲ್ಲಿ ಒಂದು ಹಗ್ಗ ಇತ್ತು. ಅದನ್ನು ಬರೆದವಳು ಸ್ತೂರ್‌ವಿಕ್‌ನ ಗುನ್ವೋರ್ ಮಿಕ್ಕೆಲ್ಸೆನ್, ಹದಿನೇಳು ವರ್ಷ.

ಬರುವ ಬೇಸಿಗೆ ಅವಳ ಕೊನೆಯದು. ಇನ್ನೂ ಇಪ್ಪತ್ತೊಂದು ಬಂಡೆಗಳು ಕೆಂಪಾಗಿವೆ. ಅವಳಿಗೆ ಸಿಗುವುದು ಹೆಚ್ಚೆಂದರೆ ಎರಡು. ಅದಕ್ಕೆ ಬೇಸರವಿಲ್ಲವೇ ಎಂದರೆ ಮಂಡಿಯ ಕೆಳಗಿನ ಮೆತ್ತೆಯನ್ನು ಸರಿಮಾಡಿಕೊಳ್ಳುತ್ತಾಳೆ.

"ಇನ್ನೊಂದು ನಲವತ್ತು ವರ್ಷಕ್ಕೆ ಯಾರಾದ್ರೂ ಬಂದು ನಾನು ಅಳ್ಸಿದ್ರಲ್ಲೂ ತಪ್ಪು ಹುಡುಕ್ಲಿ. ಖಂಡಿತ ಇರುತ್ತೆ. ಅವ್ರು ಹುಡುಕೋಕೆ ಬಂದಾಗ ಕಲ್ಲು ಚೆನ್ನಾಗಿರ್ಬೇಕು. ಅಷ್ಟನ್ನ ಮಾಡಿಟ್ಟು ಹೋಗ್ತೀನಿ."